ಹೆಮ್ಮರಗಾಲದ ಹುಡುಗ ಉದ್ದವಾದದ್ದು

ಬಹಳ ವರ್ಷಗಳಿಂದ ನಂಜನಗೂಡು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದೇನೆ. ಬೆಳಿಗ್ಗೆ ನಂಜುಂಡೇಶ್ವರನಿಗೆ ಕೈಮುಗಿದು ಸೀಟಿ ಕೊರಳಿಗೆ ಹಾಕಿಕೊಂಡರೆ, ಸಂಜೆಯೊಳಗೆ ನಗುವಂಥದ್ದೊಂದನ್ನು ಸ್ವಾಮಿಯೇ ಗ್ರೌಂಡಿಗೆ ಕಳಿಸುತ್ತಾನೆ. ಒಬ್ಬ ಹುಡುಗನ ವಿಷಯದಲ್ಲಂತೂ ಮೂರು ವರ್ಷ ಬಿಡದೆ ಕಳಿಸಿದ.

ಜರ್ಸಿ

ಎಂಟನೇ ಕ್ಲಾಸಿಗೆ ಹೆಮ್ಮರಗಾಲದಿಂದ ಬಂದವನು. ಫುಟ್‌ಬಾಲ್ ಅಂದರೆ ಪ್ರಾಣ, ಆಳು ಮಾತ್ರ ಪುಟಾಣಿ. ಬಾಲು ಕಾಲಿಗೆ ಅಂಟಿಕೊಂಡ ಹಾಗೆ ಓಡುತ್ತಿದ್ದ. ಆದರೆ ದೊಡ್ಡ ಹುಡುಗರ ಭುಜ ತಗುಲಿತೋ, ಬಾಲು ಒಂದು ಕಡೆ, ಇವನು ಒಂದು ಕಡೆ. ನಮ್ಮಲ್ಲಿದ್ದ ಅತಿ ಚಿಕ್ಕ ಜರ್ಸಿ ಹಾಕಿಸಿದೆ. ಮೊಣಕಾಲು ದಾಟಿತು.

"ಸಾ, ಇವ್ನು ಚಡ್ಡಿನೇ ಆಕಿಲ್ಲ!" ಅಂತ ಗೋಲ್‌ಕೀಪರ್ ಕೂಗಿದ.

"ಆಕಿವ್ನಿ ಕಣ್ಲಾ!" ಅಂತ ಇವನು ಜರ್ಸಿ ಎತ್ತಿ ಎಲ್ಲರಿಗೂ ತೋರಿಸಿದ. ಆಮೇಲೆ ನನ್ನ ಹತ್ತಿರ ಬಂದು, "ಟೀಮ್‌ಗೆ ತಗೋತೀರಾ ಸಾ?" ಅಂದ.

"ಇನ್ನೂ ಸ್ವಲ್ಪ ಬೆಳೀಬೇಕು ಕಣಪ್ಪ."

"ಎಷ್ಟನೇ ತಾರೀಕಿನೊಳಗೆ ಸಾ?"

ತೊಲೆ

ಒಂಬತ್ತನೇ ಕ್ಲಾಸಿಗೂ ಬೆಳೆಯಲಿಲ್ಲ. ಒಂದು ದಿನ ಎರಡೂ ತೋಳು ಎತ್ತಲಾರದೆ ಬಂದ. ಯಾಕೋ ಅಂದರೆ, "ಅಪ್ಪ ಕೊಟ್ಟಿಗೆ ತೊಲೆ ಇಡ್ಸಿ ಜೋತಾಡ್ಸ್ತು ಸಾ." ಅಪ್ಪನನ್ನು ಕರೆಸಿದೆ. ಡೈರಿಗೆ ಹಾಲು ಹಾಕಿ, ಕ್ಯಾನ್ ಹಿಡಿದುಕೊಂಡೇ ಬಂದರು.

"ನೀವೇ ಬೆಳ್ದಿಲ್ಲ ಅಂದ್ರಲ್ಲ ಸಾ. ಆಲು ಕುಡ್ಸಾಯ್ತು, ಮೊಟ್ಟೆ ತಿನ್ಸಾಯ್ತು, ಜೋತಾಕೋದೊಂದು ಬಾಕಿ ಇತ್ತು."

"ಯಜಮಾನ್ರೇ, ಕೆಲವು ಮಕ್ಕಳು ತಡವಾಗಿ ಬೆಳೀತಾರೆ. ದೇವರು ಮರೆತಿರೋದಿಲ್ಲ. ತಾಳ್ಮೆ ಇರಲಿ."

"ಇರ್ಲಿ ಸಾ. ಆದ್ರೆ ಎಸ್ಸೆಲ್ಸಿಲೂ ಟೀಮ್‌ಗೆ ಸೇರ್ಲಿಲ್ಲ ಅಂದ್ರೆ ಬಾಲ್ ಬುಡುಸ್ಬುಡ್ತೀನಿ. ಬೆಂಚ್ ಕಾಯಕ್ಕೆ ಇವ್ನೇ ಬೇಕಾ?"

ಹುಡುಗ ಕಣ್ಣು ತುಂಬಿಕೊಂಡು ನನ್ನ ಮುಖ ನೋಡಿದ. ಆವತ್ತಿನಿಂದ ಸಂಜೆ ದೀಪ ಹಚ್ಚುವಾಗ ಅವನ ಕಾಲುಗಳಿಗೂ ಸೇರಿಸಿ ಬೇಡಿಕೊಂಡೆ. ಆವತ್ತು ಅಪ್ಪ ಗೇಟಿನವರೆಗೆ ಹೋದವರು ತಿರುಗಿ ಬಂದರು.

"ಸಾ, ಜೋತಾಕಿದ್ರಲ್ಲಿ ತೋಳು ಒಂದೀಟು ಉದ್ದ ಆಗ್ಯದೆ. ಗೋಲ್‌ಕೀಪರಾದ್ರೂ ಮಾಡಿ!"

ಶೂ

ಭಗವಂತ ನನ್ನ ಮಾತು ಕೇಳಿಸಿಕೊಂಡ, ಸ್ವಲ್ಪ ಜಾಸ್ತಿಯೇ. ಬೇಸಿಗೆ ರಜೆ ಮುಗಿದ ಮೇಲೆ ಯಾರೋ ಉದ್ದನೆಯವರು ಗ್ರೌಂಡಿಗೆ ಬಂದರು. "ಯಾರು ಬೇಕಿತ್ತಪ್ಪ?" ಅಂದೆ. "ನಾನೇ ಸಾ!" ದನಿಯೂ ಒಡೆದಿತ್ತು.

ಆದರೆ ಹೊಸ ಕಾಲು ಹಳೆಯ ಹುಡುಗನ ಮಾತು ಕೇಳುತ್ತಿರಲಿಲ್ಲ. ತನ್ನ ಕಾಲಿಗೆ ತಾನೇ ತೊಡರಿ ಬೀಳುತ್ತಿದ್ದ. ಒಂದು ಪೆನಾಲ್ಟಿ ಒದ್ದ ನೋಡಿ: ಶೂ ಗೋಲಿನ ಕಡೆ ಹಾರಿತು, ಬಾಲು ಇದ್ದಲ್ಲೇ ಇತ್ತು. ಗೋಲ್‌ಕೀಪರ್ ಎಗರಿ ಶೂ ಹಿಡಿದ.

"ಇನ್ನೆರಡು ತಿಂಗಳು ಕಾಯೋಣ ಕಣಪ್ಪ, ಸರಿಹೋಗುತ್ತೆ" ಅಂದೆ.

ನೆಲದ ಮೇಲೆ ಕೂತೇ ಕೇಳಿದ: "ಬೆಳಿಯಕ್ಕೆ ಕಾದಾಯ್ತು ಸಾ. ಈಗ ನಿಂತ್ಕೊಳಕ್ಕೂ ಕಾಯ್ಬೇಕಾ?"

ತಕ್ಕಡಿ

ಎರಡು ತಿಂಗಳು ಕಳೆದು ಟಿ. ನರಸೀಪುರದವರ ಮೇಲೆ ಮ್ಯಾಚ್. ಸ್ವಾಮಿಯನ್ನು ನೆನೆದು ಇವನನ್ನು ಇಳಿಸಿದೆ. ಪುಟಾಣಿಯಾಗಿದ್ದಾಗ ದೊಡ್ಡವರ ಸಂದಿಯಲ್ಲಿ ನುಸುಳಿ ಕಲಿತದ್ದೆಲ್ಲ ಕಾಲಲ್ಲಿ ಉಳಿದಿತ್ತು, ಈಗ ಭುಜವೂ ಬಂದಿತ್ತು. ಎರಡು ಗೋಲು! ಆ ಕಡೆಯ ಮೇಷ್ಟ್ರು ಮೆಲ್ಲಗೆ ಬಂದು, "ಸಾರ್, ಈ ಹುಡುಗನಿಗೆ ಮದುವೆ ಆಗಿಲ್ಲ ತಾನೆ?" ಅಂದರು.

ಗೆರೆಯಾಚೆ ಅಪ್ಪ ಕಣ್ಣೊರೆಸಿಕೊಳ್ಳುತ್ತಿದ್ದರು.

"ಸಂತೋಷಕ್ಕೇನ್ರೀ?"

"ಸಂತೋಷನೂ ಅದೆ ಸಾ. ಇವ್ನು ಟೀಮ್‌ಗೆ ಸೇರಿದ್ರೆ ಇವ್ನ ತೂಕದಷ್ಟು ಬೆಲ್ಲ ಕೊಡ್ತೀನಿ ಅಂತ ಎಂಟ್ನೇ ಕ್ಲಾಸಲ್ಲೇ ನಂಜುಂಡಪ್ಪಂಗೆ ಅರ್ಕೆ ಒತ್ತಿದ್ದೆ. ಆಗ ಇಪ್ಪತ್ತೆಂಟು ಕೇಜಿ ಇದ್ದ! ತಾಳ್ಮೆ ತಾಳ್ಮೆ ಅಂತ ನೀವು ಅರವತ್ತು ಮಾಡುಸ್ಬುಟ್ರಿ!"

ಮುಂದಿನ ಸೋಮವಾರ ದೇವಸ್ಥಾನಕ್ಕೆ ನಾನೂ ಹೋದೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಬೆಲ್ಲ, ಇನ್ನೊಂದರಲ್ಲಿ ಮಂಡಿ ಮಡಚಿಕೊಂಡು ಬಾಡಿದ ಮುಖದಲ್ಲಿ ಕೂತ ಹುಡುಗ.

"ನಿನ್ನೆ ಮಧ್ಯಾನದಿಂದ ಅಪ್ಪ ಊಟನೇ ಕೊಟ್ಟಿಲ್ಲ ಸಾ" ಅಂದ.

ನಾನು ಅಪ್ಪನ ಕಡೆ ತಿರುಗಿದೆ. "ಯಜಮಾನ್ರೇ, ದೇವರ ಹತ್ತಿರ ಚೌಕಾಸಿ ಮಾಡ್ತೀರಾ?"

"ಬುಡ್ತು ಅನ್ನಿ ಸಾ! ಚೌಕಾಸಿ ಅಲ್ಲ, ಉಪಾಸ."

ಅಷ್ಟರಲ್ಲಿ ಅರ್ಚಕರು ಅಕ್ಕರೆಯಿಂದ ಹುಡುಗನ ಕೈಗೆ ಒಂದು ದೊನ್ನೆ ಸಿಹಿ ಪೊಂಗಲ್ ಇಟ್ಟರು. ಅವನು ಬಾಯಿ ತೆರೆದ. ದೊನ್ನೆಯ ಭಾರಕ್ಕೆ ಹುಡುಗನ ತಟ್ಟೆ ಕೆಳಗೆ ಜಗ್ಗಿತು. ಅಪ್ಪ ಹಾರಿ ಹೋಗಿ ದೊನ್ನೆ ಕಿತ್ತುಕೊಂಡು, ಭಯಭಕ್ತಿಯಿಂದ ಕಣ್ಣಿಗೊತ್ತಿಕೊಂಡು ಹೇಳಿದರು:

"ಇಳ್ದ್‌ಮ್ಯಾಲೆ ತಿನ್ನು ಕಣ್ಲಾ!"