ನಂದಿ ಬೆವರಿದ ದಿನ

ಎಣ್ಣೆ ಕಲೆಯಿಲ್ಲದ ಅಂಗಿ ತೊಟ್ಟು ಬರುತ್ತೇನೆಂದು ಚಂದ್ರಹಾಸ ತನ್ನ ಮಾವ ಷಣ್ಮುಖಪ್ಪನವರಿಗೆ ಮಾತು ಕೊಟ್ಟಿದ್ದು ಮದುವೆಯಾದ ಹೊಸದರಲ್ಲಿ. ಹಬ್ಬಕ್ಕೆಂದು ಹೋದವನು ಮಾವನ ಹೊಸ ಸೋಫಾದ ಮೇಲೆ ತನ್ನ ಬೆನ್ನಿನ ನಕ್ಷೆಯನ್ನು ಅಚ್ಚೊತ್ತಿ ಎದ್ದಿದ್ದ. ಭದ್ರಾವತಿಯಲ್ಲಿ ಮಣ್ಣು ಅಗೆಯುವ ಮಿಷನ್‌ಗಳ ಕೈ ಎತ್ತಿಸುವ ಹೈಡ್ರಾಲಿಕ್ ಎಣ್ಣೆ ಪೈಪುಗಳ ರಿಪೇರಿ ಮಾಡುವವನ ಬೆನ್ನು ಇನ್ನು ಹೇಗಿದ್ದೀತು? "ಮುಂದಿನ ಸಲ ನೋಡಿ ಮಾವ, ಒಂದು ಚುಕ್ಕೆ ಇರಲ್ಲ" ಎಂದಿದ್ದ. ಆ ಮುಂದಿನ ಸಲ ಇನ್ನೂ ಬಂದಿರಲಿಲ್ಲ. ಪ್ರತಿ ಸಮಾರಂಭದಲ್ಲೂ ಮಾವ ಮೂಗಿಗೆ ಶಲ್ಯ ಹಿಡಿಯುತ್ತಿದ್ದರು, ಫೋಟೋದವನು ಅವನನ್ನು ಕಂಬದ ಹಿಂದೆ ನಿಲ್ಲಿಸುತ್ತಿದ್ದ.

ಇವತ್ತು ಶಿವಮೊಗ್ಗದ ರವೀಂದ್ರನಗರದಲ್ಲಿ ಮಾವನ ಹೊಸ ಮನೆಯ ಗೃಹಪ್ರವೇಶ. ಹಿಂದಿನ ದಿನವೇ ಮಗಳನ್ನು ಕರೆದುಕೊಂಡು ಹೊರಟ ಹೆಂಡತಿ ಶೀಲಾ ಬಾಗಿಲಲ್ಲಿ ನಿಂತು ಹೇಳಿದ್ದಳು: "ರೀ, ಆಲ್ಬಮ್ಮಲ್ಲಿ ಎಲ್ಲರ ಅಪ್ಪಂದಿರೂ ಇದ್ದಾರೆ, ನಮ್ಮಪ್ಪ ಎಲ್ಲಿ ಅಂತ ಪುಟ್ಟಿ ಕೇಳ್ತಾಳೆ. ಇದೊಂದು ಸಲ ನೆಟ್ಟಗೆ ಮುಂದೆ ನಿಂತ್ಕೊಳ್ಳಿ."

ಅದಕ್ಕೇ ಚಂದ್ರಹಾಸ ಹೊಸ ಬಿಳಿ ಅಂಗಿ ತೊಟ್ಟು, ತುಂಬಿದ ಸಾರಿನ ಪಾತ್ರೆ ಹೊತ್ತವನಂತೆ ನ್ಯೂ ಟೌನಿನ ರಸ್ತೆಯಲ್ಲಿ ಬಸ್ಸಿಗೆ ಹೊರಟಿದ್ದ.

"ಏಯ್ ಚಂದ್ರಹಾಸ! ದೇವರು ಬಂದಂಗೆ ಬಂದೆ ಮಾರಾಯ!"

ಕೂಗಿದವರು ಪರಮೇಶ್ವರಪ್ಪ. ಅವರ ಹಳದಿ ಮಿಷನ್ನು ಮನೆ ಮುಂದೆಯೇ ನಿಂತಿತ್ತು. ಹಣೆಯ ಮೇಲೆ ದೊಡ್ಡದಾಗಿ 'ನಂದಿ' ಎಂದು ಬರೆಸಿದ್ದರು. ಅದರ ಕೈ ಮಾತ್ರ ಗೇಟಿಗೆ ಅಡ್ಡವಾಗಿ, ಉಂಡು ಮಲಗಿದ ನೆಂಟನಂತೆ ಬಿದ್ದುಕೊಂಡಿತ್ತು. ಒಳಗೆ ಕಾರು ಸಿಕ್ಕಿಕೊಂಡಿತ್ತು.

"ನಿನ್ನೆ ಎತ್ತಿಟ್ಟ ಕೈ, ಬೆಳಿಗ್ಗೆ ನೋಡಿದ್ರೆ ಹಿಂಗೆ. ಎಲ್ಲೋ ಆಯಿಲ್ ಲೀಕು. ನಾವೂ ನಿಮ್ಮಾವನ ಮನೆಗೇ ಹೊರಟಿರೋದು. ಲೀಕ್ ಹುಡುಕ್ಕೊಡು, ಕಾರಲ್ಲಿ ಒಟ್ಟಿಗೇ ಹೋಗೋಣ."

ಕಾರು! ಬಸ್ಸಿನ ನೂಕುನುಗ್ಗಲಿಲ್ಲ, ಯಾರ ಬೆವರೂ ಅಂಗಿಗೆ ತಾಗುವುದಿಲ್ಲ. ಚಂದ್ರಹಾಸ ಅಂಗಿ ಬಿಚ್ಚಿ ಪರಮೇಶ್ವರಪ್ಪನವರ ಹೆಂಡತಿ ಸುಭದ್ರಮ್ಮನ ಕೈಗೆ ಕೊಟ್ಟ. ಪಂಚೆ ಎತ್ತಿ ಕಟ್ಟಿ, ಬರಿಮೈಯಲ್ಲಿ ಮಿಷನ್ ಹತ್ತಿದ.

ನಂದಿಯ ಕೈಯ ತುಂಬ ಎಣ್ಣೆ, ಎಣ್ಣೆಯ ಮೇಲೆ ಮಣ್ಣು. ಒಸರುತ್ತಿರುವುದು ಎಲ್ಲಿಂದ ಎಂದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ ಕೂಗಿದ: "ಅಮ್ಮಾ, ಮೈಗೆ ಹಾಕೋ ಪೌಡರ್ ಇದ್ರೆ ಕೊಡಿ. ಉದುರಿಸಿ ಮಿಷನ್ ಸ್ಟಾರ್ಟ್ ಮಾಡಿದ್ರೆ, ಎಲ್ಲಿ ಒದ್ದೆ ಆಗುತ್ತೋ ಅಲ್ಲೇ ಲೀಕು."

ಪೌಡರ್ ಡಬ್ಬಿ ಖಾಲಿಯಾಗಿತ್ತು. ಸುಭದ್ರಮ್ಮ ವಿಭೂತಿ ಗಟ್ಟಿಗಳನ್ನು ಕುಟ್ಟಿ ತಟ್ಟೆಯಲ್ಲಿ ತಂದರು. "ಬಿಳೀದು ತಾನೆ ಬೇಕಾಗಿದ್ದು?"

ಬರಿಮೈಯ ಮನುಷ್ಯನೊಬ್ಬ ನಂದಿಗೆ ವಿಭೂತಿ ಹಚ್ಚುತ್ತಿರುವುದನ್ನು ಕಂಡು ದಾರಿಹೋಕರು ಚಪ್ಪಲಿ ಬಿಟ್ಟರು. ಎದುರುಮನೆಯ ಬಸವರಾಜೇಶ್ವರಿ ಗಂಟೆ ಹಿಡಿದು ಬಂದರು.

"ಯಾರೂ ಮುಟ್ಟಬೇಡಿ!" ಚಂದ್ರಹಾಸ ಕಿರುಚಿದ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಆಯಿಲ್ ಚರ್ಮವನ್ನೇ ತೂರಿಹೋಗುತ್ತದೆಂದು ಅವನ ಭಯ.

"ಮಡಿ, ಮಡಿ! ಹಿಂದೆ ಸರೀರಿ" ಎಂದರು ಬಸವರಾಜೇಶ್ವರಿ.

ಡ್ರೈವರ್ ಹುಲಿಯಪ್ಪ ಆಯಿಲ್ ತುಂಬಿಸಿ ಸ್ಟಾರ್ಟ್ ಮಾಡಿದ. ನಂದಿ ನಿಧಾನವಾಗಿ ಕೈ ಎತ್ತಿತು. ಪೈಪಿನ ಬುಡದಿಂದ ಒಸರಿದ ಎಣ್ಣೆ ವಿಭೂತಿಯ ಮೇಲೆ ಅಡ್ಡಡ್ಡ ಮೂರು ಗೆರೆ ಎಳೆಯಿತು.

"ಅಯ್ಯೋ ಶಿವನೇ, ಮೂರು ಗೆರೆ! ನಂದಿ ಬೆವರ್ತಿದೆ!" ಸುಭದ್ರಮ್ಮ ಕೈಮುಗಿದರು.

"ಅಮ್ಮಾ, ಅದು ಹೈಡ್ರಾಲಿಕ್!"

"ಏನಂದ್ರು ಪೂಜಾರಪ್ಪ?" ಹಿಂದಿದ್ದವರು ಕೇಳಿದರು.

"ಅದೇನೋ ಸಂಸ್ಕೃತ. ಎಲ್ಲಾ ಹೇಳ್ಕೊಳ್ಳಿ" ಎಂದರು ಬಸವರಾಜೇಶ್ವರಿ.

"ಹೈಡ್ರಾಲಿಕಂ! ಹೈಡ್ರಾಲಿಕಂ!"

ಗಣಪತಿ ಹಾಲು ಕುಡಿದ ಸುದ್ದಿ ಹಬ್ಬಿ ಇನ್ನೂ ಕೆಲವೇ ವರ್ಷಗಳಾಗಿದ್ದವು. ಆಗ ಚಮಚ ಹುಡುಕುವಷ್ಟರಲ್ಲಿ ತಡವಾಯಿತೆಂದು ಕೊರಗಿದವರೆಲ್ಲ ಈ ಸಲ ಚೊಂಬು, ಬಾಟಲಿ ಹಿಡಿದು ಓಡಿಬಂದರು. ತೀರ್ಥ ಸಣ್ಣಗಾದಾಗಲೆಲ್ಲ ಹುಲಿಯಪ್ಪ ಭಕ್ತಿಯಿಂದ ಆಕ್ಸಿಲರೇಟರ್ ಒತ್ತಿದ.

ಚಂದ್ರಹಾಸ ಸ್ಪ್ಯಾನರ್ ಎತ್ತಿದ. ಪರಮೇಶ್ವರಪ್ಪ ಅವನ ಕೈ ಹಿಡಿದರು. "ಬೇಡ ಮಾರಾಯ. ಅದನ್ನ ಟೈಟ್ ಮಾಡಿದ್ರೆ ಈ ಜನ ನಮ್ಮಿಬ್ಬರನ್ನೂ ಟೈಟ್ ಮಾಡ್ತಾರೆ. ಹೆಂಗೂ ಗೇಟು ಬಿಡ್ತಲ್ಲ, ನಾವು ಹೊರಡ್ತೀವಿ. ಕಾರಲ್ಲಿ ನೆಂಟರು ತುಂಬ್ಕೊಂಡ್ರು, ನೀನು ಬಸ್ಸಲ್ಲಿ ಬಾ."

ಅವನ ಅಂಗಿಯನ್ನು ಬಾಗಿಲ ಮೊಳೆಗೆ ತೂಗುಹಾಕಿ, ಮಡಿಲಲ್ಲಿ ಏನನ್ನೋ ಸೆರಗಿನಿಂದ ಮುಚ್ಚಿಕೊಂಡು ಸುಭದ್ರಮ್ಮ ಕಾರು ಹತ್ತಿದರು.

ಹೋಗಲಿ, ಅಂಗಿ ಉಳಿಯಿತಲ್ಲ! ಚಂದ್ರಹಾಸ ಬಟ್ಟೆ ಸೋಪಿನಲ್ಲಿ ಮೈ ಉಜ್ಜಿಕೊಂಡ. ಶಿವಮೊಗ್ಗದವರೆಗೂ ಬಸ್ಸಿನಲ್ಲಿ ಯಾರಿಗೂ ತಾಗದೆ, ಎಲ್ಲಿಯೂ ಒರಗದೆ ಗರುಡಗಂಬದಂತೆ ನಿಂತುಕೊಂಡು ಬಂದ.

ರವೀಂದ್ರನಗರದ ಮನೆ ಬಾಗಿಲಲ್ಲಿ ಶೀಲಾ ಅವನ ಕಾಲರು, ತೋಳು, ಬೆನ್ನು ಎಲ್ಲವನ್ನೂ ತಿರುಗಿಸಿ ತಿರುಗಿಸಿ ನೋಡಿದಳು. ಒಂದು ಚುಕ್ಕೆಯೂ ಇರಲಿಲ್ಲ. "ಪುಟ್ಟೀ, ಅಪ್ಪನ್ನ ನೋಡೇ!" ಎಂದಳು. ಪುಟ್ಟಿ ಓಡಿಬಂದು ಅಪ್ಪನ ಕೈ ಹಿಡಿದು ಫೋಟೋದ ಮುಂದಿನ ಸಾಲಿಗೆ ಎಳೆದೊಯ್ದಳು.

"ತಡೀರಿ ಅಳಿಯಂದ್ರೇ, ಮೊದಲು ತೀರ್ಥ!"

ಷಣ್ಮುಖಪ್ಪನವರ ಕೈಯಲ್ಲಿ ಚೊಂಬು, ಮಾವಿನೆಲೆ. ಪಕ್ಕದಲ್ಲಿ ಬೆಳಗುವ ಮುಖದ ಸುಭದ್ರಮ್ಮ.

"ಭದ್ರಾವತೀಲಿ ನಂದಿ ಬೆವರಿದೆಯಂತೆ, ಸುಭದ್ರಕ್ಕ ತಂದಿದ್ದಾರೆ. ಆಹಾ, ಏನು ಪರಿಮಳ!" ಮಾವ ಚೊಂಬಿನೊಳಗೆ ಮೂಗಿಟ್ಟು ದೀರ್ಘವಾಗಿ ಉಸಿರೆಳೆದರು.

"ಮಾವ, ಬೇಡ! ಅದು ಹೈಡ್ರಾಲಿಕ್..."

"ಹೂಂ, ಮಂತ್ರ ಹೇಳ್ಕೊಳ್ಳಿ" ಎಂದರು ಸುಭದ್ರಮ್ಮ.

ಚೊಂಬಿನಲ್ಲಿ ಅದ್ದಿದ ಮಾವಿನೆಲೆಯನ್ನು ಮಾವ ಮೂರು ಸಲ ಬೀಸಿದರು. ಬಿಳಿ ಅಂಗಿಯ ಎದೆಯ ಮೇಲೆ ನಂದಿಯ ಬೆವರು ನಿಧಾನವಾಗಿ ಹರಡಿತು.

ಫೋಟೋದವನು ಕ್ಯಾಮೆರಾ ಎತ್ತಿದವನು ಇಳಿಸಿದ. "ಸಾರ್, ಆ ಎಣ್ಣೆ ಅಂಗಿಯೋರು ಸ್ವಲ್ಪ ಕಂಬದ ಹಿಂದೆ ಹೋಗಿ."

ಷಣ್ಮುಖಪ್ಪನವರು ತಿರುಗಿ ನೋಡಿದರು. ಶಲ್ಯ ತಾನಾಗಿಯೇ ಮೂಗಿಗೆ ಹೋಯಿತು.

"ಇವತ್ತೂನಾ ಅಳಿಯಂದ್ರೇ?"

ಚಂದ್ರಹಾಸ ಕಂಬದ ಹಿಂದೆ ನಿಂತ. ಫೋಟೋ ತೆಗೆದಾಯಿತು. ಮಾವನಿಗೆ ಕೊಟ್ಟ ಮಾತು ನಡೆಯಲಿಲ್ಲ.