ಮಾವ ಕುಲುಕಿ ನೋಡಿ ತಂದ ಕಾರು

ನನ್ನ ಸೋದರಮಾವನಿಗೆ ತಮ್ಮ ಮುತ್ತಜ್ಜನ ಹೆಸರು ಗೊತ್ತಿಲ್ಲ. ಆದರೆ ಇಂಗ್ಲೆಂಡಿನ ಒಂದು ಹಳೆಯ ಸ್ಪೋರ್ಟ್ಸ್ ಕಾರಿನ ವಂಶಾವಳಿ ಕೇಳಿ ನೋಡಿ, ಆಮೇಲೆ ನಿಲ್ಲಿಸುವುದು ನಿಮ್ಮ ಕೈಲಾಗದು! ನನಗೆ ಹೆಣ್ಣು ನೋಡಲು ನೊಣವಿನಕೆರೆಗೆ ಹೋಗಿದ್ದೆವು. ಹೆಣ್ಣಿನವರು "ನಿಮ್ಮ ಮನೆತನದ ವಿಚಾರ ಒಸಿ ಹೇಳಿ" ಅಂದದ್ದೇ ತಡ, ಮಾವ ಶುರು ಮಾಡಿದರು.

"ಮೊದಲ್ನೇದಕ್ಕೆ ಕಿಟಕಿ ಗಾಜೇ ಇರ್ಲಿಲ್ಲ ಕಣ್ರೀ, ಬರೀ ಪರದೆ! ಆಮೇಲೆ ಬಂದದ್ದಕ್ಕೆ ಏರ್ಸೋ ಗಾಜು, ಬೆಳ್ಳಿ ಥರ ಹೊಳೆಯೋ ಬಂಪರ್ರು. ಅದ್ಯಾವ್ದೋ ಕಾನೂನು ಬಂತು ನೋಡಿ, ಕರೀ ರಬ್ಬರ್ ಮೂತಿ ಬಡಿದ್ರು, ಮೈ ಎತ್ತರ ಮಾಡಿದ್ರು. ಅಲ್ಲಿಗೆ ವಂಶ ಕೆಟ್ಟೋಯ್ತು!"

ಹೆಣ್ಣಿನ ಅಜ್ಜಿ ಗಾಬರಿಯಿಂದ ನನ್ನ ಮೂತಿಯನ್ನೇ ನೋಡಿದರು. ಆ ಸಂಬಂಧ ಏನಾಯಿತು ಅಂತ ಹೇಳಬೇಕೆ?

ಇಂಥ ಮಾವ ಒಂದು ದಿನ ಹಾಸನದ ಕಡೆ ಯಾರದೋ ಕೊಟ್ಟಿಗೆಯಿಂದ ಅದೇ ಕಾರನ್ನು, ರಬ್ಬರಿಗೂ ಮುಂಚಿನದನ್ನು, ಲಾರಿಯಲ್ಲಿ ಹೇರಿಕೊಂಡು ಬಂದರು. ನಮ್ಮ ತಿಪಟೂರು ಸೀಮೆಯಲ್ಲಿ ಕೊಬ್ಬರಿಯಾಗಲೆಂದು ಅಟ್ಟದಲ್ಲಿ ಒಣಗಲು ಬಿಟ್ಟ ತೆಂಗಿನಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಒಳಗೆ ಲೊಡಲೊಡ ಅಂದರೆ ಕೊಬ್ಬರಿ ಸಿದ್ಧ. ಕೊಬ್ಬರಿ ವ್ಯಾಪಾರದಲ್ಲೇ ಕೂದಲು ನರೆತ ಮಾವ ಕಾರಿಗೂ ಅದೇ ಪರೀಕ್ಷೆ ಮಾಡಿದ್ದಾರೆ! ಹಿಡಿದು ಕುಲುಕಿದ್ದಾರೆ, ಲೊಡಲೊಡ ಅಂದಿದೆ, ಹಿಗ್ಗಿಹೋಗಿದ್ದಾರೆ. ಮೆಕ್ಯಾನಿಕ್ ಸಾಬರು ಬಾನೆಟ್ ಎತ್ತಿ ಹಣೆ ಚಚ್ಚಿಕೊಂಡರು.

"ಕಾಯಿ ಲೊಡಲೊಡ ಅಂದ್ರೆ ಒಳಗೆ ಮಾಲೈತೆ ಅಂತ. ಇಂಜಿನ್ ಲೊಡಲೊಡ ಅಂದ್ರೆ ಮಾಲು ಹೋಯ್ತು ಅಂತ ಕಣ್ರೀ!"

ಕಾಯಿ ಸುಲಿಯುವ ಶೆಡ್ಡು ಕಾರಿನ ಪಾಲಾಯಿತು. ಅತ್ತೆ ಸುಮ್ಮನಿರುತ್ತಾರೆಯೇ? "ಶಿವರಾತ್ರಿ ಹೊತ್ಗೆ ಓಡ್ಬೇಕು. ಇಲ್ಲಾಂದ್ರೆ ಗುಜರಿಗೆ!" ಅಂದುಬಿಟ್ಟರು. ಅಲ್ಲಿಂದ ಮಾವನ ಕಾಲು ನೆಲದ ಮೇಲೆ ನಿಂತಿದ್ದರೆ ಕೇಳಿ! ಬಿಡಿಭಾಗ ಹುಡುಕಿಕೊಂಡು ಬೆಳಿಗ್ಗೆ ಅರಸೀಕೆರೆ, ಮಧ್ಯಾಹ್ನ ತುಮಕೂರು, ಸಂಜೆ ಮತ್ತೆ ಶೆಡ್ಡು. ಮುದ್ದೆ ಮುರಿಯುತ್ತಿದ್ದವರು ಏನೋ ಹೊಳೆದು ಎಂಜಲು ಕೈಯಲ್ಲೇ ಸ್ಪ್ಯಾನರ್ ಹಿಡಿಯುತ್ತಿದ್ದರು. ಸೀಟಿಗೆ ತೆಂಗಿನ ನಾರು ತುಂಬಿದರು. ಅವರ ಚಡಪಡಿಕೆ ನೋಡಿ ನನಗೇ ಊಟ ಸೇರದಾಯಿತು.

ಶಿವರಾತ್ರಿ ಬೆಳಿಗ್ಗೆ ಕಾರು ಕೆಮ್ಮಿತು, ಗುಡುಗಿತು, ಹೊರಟೇಬಿಟ್ಟಿತು! ನಾನು ಹಾರಿ ಕೂತೆ.

"ಇಳಿಯಲಾ! ಇರೋದೇ ಎರಡು ಸೀಟು. ನಿಮ್ಮತ್ತೇನ ಕರಿ."

ಅತ್ತೆ ಗೊಣಗುತ್ತಲೇ ಬಂದು ಸೆರಗು ಬಿಗಿದು ಕೂತರು. ಹೊನ್ನವಳ್ಳಿ ರಸ್ತೆಯ ತಿರುವು ದಾಟುವುದರೊಳಗೆ ಸದ್ದು ನಿಂತಿತು. ನಾನು ತಳ್ಳಲು ಓಡಿದೆ. ಮಾವ ತಲೆ ತಗ್ಗಿಸಿ ಕೂತಿದ್ದರು. "ಗುಜರಿಯೋನ್ಗೆ ಫೋನ್ ಮಾಡು ಕಣ್ಲಾ" ಅಂದರು.

"ಯಾರ್ಗೂ ಮಾಡ್ಬೇಡ ಕಣಪ್ಪ" ಅಂದರು ಅತ್ತೆ. "ಮದುವೆ ಆದಾಗ್ಲಿಂದ ಎಲ್ಲಿಗೋದ್ರೂ ನಮ್ಮಿಬ್ರ ಮಧ್ಯೆ ಕೊಬ್ರಿ ಚೀಲ, ಇಲ್ಲಾ ನೆಂಟ್ರು. ನಾವಿಬ್ರೇ ಕೂತಿರೋದು ಇವತ್ತೇಯ. ತಳ್ಬೇಡ, ಒಸಿ ಹೊತ್ತು ಹಿಂಗೇ ಬುಡು."

ನನ್ನ ಕಣ್ಣು ತುಂಬಿ ಬಂತು. ಕಾರಿನ ಮೇಲಿಟ್ಟ ಕೈ ತೆಗೆದು, ಸದ್ದಾಗದ ಹಾಗೆ ಊರ ಕಡೆ ನಡೆದೆ.