ಸರ್ವಾನ್ ಕೋಟೆಯ ಬಾಗಿಲು ತೆಗೆದವರು

ಸರ್ವಾನ್ ಎಂಬ ರಾಜ್ಯ ಈ ಭೂಮಿಯ ಮೇಲೆ ಎಂದೂ ಇರಲಿಲ್ಲ. ಈ ಅಂಶವನ್ನು ನಮ್ಮ ಉಮ್ಮ್ ಸಿದ್ರ ಪುರಸಭೆ ಸರ್ವಾನುಮತದಿಂದ ಒಪ್ಪಿದೆ. ಆ ರಾಜ್ಯದ ಕೋಟೆ ಯಾರ ದ್ರೋಹದಿಂದ ಬಿತ್ತು ಎಂಬ ವಿಚಾರದಲ್ಲಿ ಮಾತ್ರ ಊರಿನ ಶಾಂತಿಗೆ ಭಂಗ ಬರುವ ಸಂಭವವಿದ್ದುದರಿಂದ, ಪುರಸಭೆಯ ಕಾರ್ಯದರ್ಶಿಯಾದ ನಾನು ನಡೆದದ್ದನ್ನು ನಡೆದ ಹಾಗೆ ನಿವೇದಿಸುತ್ತಿದ್ದೇನೆ.

ರಾಜ್ಯವನ್ನು ಕಟ್ಟಿದವರು ಘಾಲಿಬ್ ಸಮ್ರಾವಿ, ನಿವೃತ್ತ ಭೂಗೋಳದ ಮೇಷ್ಟ್ರು. ಇರುವ ಭೂಗೋಳ ಸಾಲದೆ ಇಲ್ಲದ್ದನ್ನೂ ಬರೆಯಲು ಕೂತರು. ಅವರ ಕಾದಂಬರಿಯ ಮೊದಲ ಸಂಪುಟದಲ್ಲಿ ದಹ್ಹಾಮ್ ಎಂಬ ಕೋಟೆ ಕಾವಲುಗಾರ ದಾರಿಹೋಕರ ಊಟಕ್ಕೆಂದು ತನ್ನ ಕೊನೆಯ ಒಂಟೆಯನ್ನೂ ಕಡಿಯುತ್ತಾನೆ. ಕತ್ತಾಶ್ ಮನೆತನದ ಹಿರಿಯರಾದ ಹಾಜಿ ಮಿಸ್ಫಿರ್ ಇದನ್ನು ಓದಿಸಿ ಕೇಳಿ, ಒಂದು ಸಾವಿನ ಮನೆಯಲ್ಲಿ, "ಇಂಥಾ ಧಾರಾಳತನ ನಮ್ಮ ರಕ್ತದಲ್ಲಲ್ಲದೆ ಇನ್ನೆಲ್ಲಿದೆ? ಇವ್ನು ನಮ್ಮವನೇ" ಅಂದರು. ಸಾವಿನ ಮನೆಯಲ್ಲಿ ಯಾರು ವಾದ ಮಾಡುತ್ತಾರೆ? ಹೀಗಾಗಿ ಅದು ಇತಿಹಾಸವಾಯಿತು. ಕತ್ತಾಶರ ಮದುವೆ ಹಾಲಿಗೆ ದಹ್ಹಾಮನ ಹೆಸರು ಬಂತು. ಝುರೈಕಿ ಮನೆತನದವರೇನು ಕಡಿಮೆಯೇ? ಅವರು ಸೇನಾಪತಿ ಶೀಹಾನನನ್ನು ಹಿಡಿದುಕೊಂಡರು. ಉಳಿದ ಪಾತ್ರಗಳನ್ನು ಉಳಿದ ಮನೆಯವರು ಹಂಚಿಕೊಂಡರು.

ಎರಡನೆಯ ಸಂಪುಟದಲ್ಲಿ ದಹ್ಹಾಮನೇ ಶತ್ರುಗಳಿಗೆ ಕೋಟೆಯ ಬಾಗಿಲು ತೆಗೆದುಬಿಟ್ಟ.

ಹಾಜಿ ಮಿಸ್ಫಿರ್ ಊರ ಗಣ್ಯರನ್ನು ಕಟ್ಟಿಕೊಂಡು ಘಾಲಿಬರ ಮನೆಗೆ ನಿಯೋಗ ಹೋದರು. ಗಣ್ಯರಲ್ಲಿ ನಾನೂ ಒಬ್ಬ, ಅದನ್ನು ನಾನೇ ಹೇಳಬಾರದು. ಏಲಕ್ಕಿ ಹಾಕಿದ ಕಹಿ ಕಾಫಿ ಬಂತು. ಹಾಜಿ ಬಟ್ಟಲು ತೆಗೆದುಕೊಂಡು, ಕುಡಿಯದೆ ಮುಂದಿಟ್ಟರು. ಕೇಳಿದ್ದು ಸಿಗುವವರೆಗೂ ನಿಯೋಗದವರು ಕಾಫಿ ಕುಡಿಯುವುದಿಲ್ಲ. ಕುಡಿಯದೆ ಎದ್ದುಹೋದರೆ ಆ ಮನೆಯ ಮಾನ ಹೋಯಿತು. ಕುಡಿದರೋ, ಮಾತು ಮುಗಿಯಿತು. ಆಮೇಲೆ ಯಾರಪ್ಪ ಬಂದರೂ ಬದಲಾಯಿಸುವಂತಿಲ್ಲ.

"ಕುಡೀರಿ ಹಾಜಿ, ಆರಿ ಹೋಗ್ತದೆ" ಅಂದರು ಘಾಲಿಬರು. ಮಗಳು ಲುಬ್ನಾಳ ಹೆಸರಿನಿಂದ ಊರವರು ಅವರನ್ನು ಕರೆಯುವುದು ಅಬು ಲುಬ್ನಾ, ಅಂದರೆ ಲುಬ್ನಾಳ ಅಪ್ಪ ಎಂದು.

"ಆರ್ಲಿ ಬಿಡು ಅಬು ಲುಬ್ನಾ. ನಮ್ಮ ದಹ್ಹಾಮನ್ನ ದ್ರೋಹಿ ಮಾಡಿದ್ಯಲ್ಲಪ್ಪಾ!"

"ಅಯ್ಯೋ, ಅವ್ನು ನಾನು ಹುಟ್ಟಿಸಿದ ಮನುಷ್ಯ!"

"ಹುಟ್ಟಿಸಿದ್ದು ನೀನೇ ಇರಬಹುದು, ಸಾಕಿದ್ದು ನಾವು. ಈಗ ಮದುವೆ ಹಾಲಿನ ಬೋರ್ಡು ಕಿತ್ತು ತಲೆ ಮೇಲೆ ಹೊತ್ಕೊಂಡು ತಿರುಗ್ಲಾ?"

ಘಾಲಿಬರಿಗೆ ಇಕ್ಕಟ್ಟು. ಅವರ ಒಬ್ಬಳೇ ಮಗಳು ಲುಬ್ನಾ, ಹಾಜಿಯ ಮೊಮ್ಮಗ ನಾಯಿಫ್‌ನನ್ನು ಮೆಚ್ಚಿದ್ದಳು. ಆಲಿವ್ ಕೊಯ್ಲು ಮುಗಿದ ಮೇಲೆ ಹೆಣ್ಣು ಕೇಳಲು ಬರುವುದೆಂದು ಮಾತಾಗಿತ್ತು. ಒಳಗೆ ಕಾಫಿ ಬಿಸಿ ಮಾಡುತ್ತಿದ್ದವಳು ಅಪ್ಪನನ್ನು ಕರೆದು, "ಅಪ್ಪಾ, ನಿನ್ನ ದಮ್ಮಯ್ಯ, ಇಲ್ಲದ ಕೋಟೆಗೋಸ್ಕರ ನನ್ನ ಮದುವೆ ಹಾಳು ಮಾಡ್ಬೇಡ" ಅಂದಳು.

ತಿದ್ದಿದ ಮುದ್ರಣದಲ್ಲಿ ಬಾಗಿಲು ತೆಗೆದವನು ಶೀಹಾನ್. ಝುರೈಕಿಗಳ ನಿಯೋಗ ಬಂತು, ಕಾಫಿ ಆರಿತು. ಮತ್ತೆ ತಿದ್ದಿದಾಗ ಬಾಗಿಲು ಗಾಳಿಗೆ ತೆಗೆದುಕೊಂಡಿತು. ಗಾಳಿಗೆ ನೆಂಟರಿಲ್ಲ ಎಂದು ಘಾಲಿಬರು ನೆಮ್ಮದಿಯಾಗಿ ಮಲಗಿದರು. ಬೆಳಗಾಗುವುದರೊಳಗೆ ಕಮ್ಮಾರರ ಮನೆಯವರು ಬಂದು ಕೂತಿದ್ದರು. ಸರ್ವಾನ್ ಕೋಟೆಗೆ ಅಗುಳಿ ಮಾಡಿದ್ದು ತಮ್ಮ ಪೂರ್ವಿಕರಂತೆ.

"ನಾವು ಮಾಡಿದ ಅಗುಳಿ ಗಾಳಿಗೆ ಬಿಚ್ಕೊಳ್ಳೋದಾ ಮೇಷ್ಟ್ರೇ? ನಾಳೆ ನಮ್ಮ ಅಂಗಡಿಗೆ ನಾಯಿಯಾದ್ರೂ ಬರುತ್ತಾ?"

ಅವರು ಹೇಳುವುದೂ ನ್ಯಾಯವೇ.

ಅಷ್ಟರಲ್ಲಿ ಮೂರು ಇತಿಹಾಸಗಳು ಊರಿನಲ್ಲಿ ಓಡಾಡುತ್ತಿದ್ದವು. ಒಂದು ಮದುವೆಯಲ್ಲಿ ಎಲ್ಲರೂ ಸುತ್ತ ನಿಂತು ಉಣ್ಣುವ ಮನ್ಸಫ್ ಎಂಬ ಮಾಂಸದ ಅನ್ನದ ಹರಿವಾಣಕ್ಕೆ ಕೈ ಹಾಕಿದವರು ಹರಿವಾಣ ಬಿಟ್ಟು ಒಬ್ಬರ ಕೊರಳಪಟ್ಟಿಗೆ ಒಬ್ಬರು ಕೈ ಹಾಕಿದರು. ನಾನು ಪ್ರಕಟಣೆ ಹೊರಡಿಸಬೇಕಾಯಿತು:

"ಸಾರ್ವಜನಿಕರ ಗಮನಕ್ಕೆ. ಒಂದೇ ಹರಿವಾಣದ ಸುತ್ತ ಒಂದೇ ಮುದ್ರಣದವರು ನಿಲ್ಲತಕ್ಕದ್ದು. ಹಳೆಯ ಮುದ್ರಣಗಳು ರದ್ದಾಗಿರುವುದಿಲ್ಲ. ಎಲ್ಲವೂ ಏಕಕಾಲದಲ್ಲಿ ಸತ್ಯವಾಗಿರತಕ್ಕದ್ದು. ಯಾವುದನ್ನೂ ಓದದವರು ಮನೆಯಲ್ಲೇ ಊಟ ಮಾಡತಕ್ಕದ್ದು."

ಈ ಕೊನೆಯ ನಿಯಮದಿಂದ ಮದುವೆಗಳ ಖರ್ಚು ಬಹಳ ಇಳಿಯಿತು.

ಕೊಯ್ಲು ಮುಗಿಯಿತು. ಹಾಜಿ ಮಿಸ್ಫಿರ್ ಹೆಣ್ಣು ಕೇಳಲು ಬಂದರು. ಜೊತೆಗೆ ಝುರೈಕಿಗಳು, ಕಮ್ಮಾರರು, ಇಸ್ತ್ರಿ ಮಾಡಿದ ಅಂಗಿಯಲ್ಲಿ ನಾಯಿಫ್, ಮತ್ತು ನಾನು. ಲುಬ್ನಾ ಪರದೆಯ ಹಿಂದೆ ನಿಂತಿದ್ದಳು. ಹಾಜಿ ಬಟ್ಟಲನ್ನು ಮುಂದಿಟ್ಟರು.

"ಎರಡು ಕೋರಿಕೆ ಅಬು ಲುಬ್ನಾ. ನಾಯಿಫ್‌ಗೆ ನಿನ್ನ ಮಗಳು. ಅದಕ್ಕೂ ಮೊದಲು ಬಾಗಿಲಿನ ವಿಷಯ ಇತ್ಯರ್ಥ ಆಗ್ಬೇಕು. ನೋಡು, ಎಲ್ಲರೂ ಬಂದಿದ್ದಾರೆ. ಯಾರ ತಲೆ ಮೇಲೂ ಬೀಳಬಾರದು."

ಘಾಲಿಬರು ಪರದೆಯ ಕಡೆ ನೋಡಿದರು. ತಲೆ ಕೆರೆದುಕೊಂಡರು. ಕೊನೆಗೆ, "ನಾನೇ ತೆಗೆದೆ" ಅಂದರು. "ಕೋಟೆ ಒಳಗೆ ಘಾಲಿಬ್ ಅಂತ ಒಬ್ಬ ಮೇಷ್ಟ್ರಿದ್ದ. ದುಡ್ಡಿನಾಸೆಗೆ ಅವನೇ ಬಾಗಿಲು ತೆಗೆದ. ಹೀಗೇ ಅಚ್ಚು ಹಾಕಿಸ್ತೀನಿ. ಸಾಕಾ?"

ಆಹಾ, ಆ ಸಂಭ್ರಮ ನೋಡಬೇಕಿತ್ತು! ಝುರೈಕಿಗಳು ಕತ್ತಾಶರನ್ನು ತಬ್ಬಿಕೊಂಡರು. ಕಮ್ಮಾರರು ಅತ್ತೇಬಿಟ್ಟರು. ಎಲ್ಲರೂ ಕಾಫಿ ಕುಡಿದರು. ಹಾಜಿ ಮೀಸೆ ಒರೆಸಿಕೊಂಡು, "ದೇವರು ನಿನ್ನ ಕೈಗೆ ಬಲ ಕೊಡ್ಲಿ, ಊರು ಉಳಿಸಿದೆ. ಇನ್ನು ಹೆಣ್ಣಿನ ಮಾತು ಬೇಡ ಬಿಡು" ಅಂದರು.

"ಬೇಡವಾ? ಯಾಕೆ ಹಾಜಿ?"

"ಕೋಟೆ ಮಾರಿದವನ ಮನೆಯಿಂದ ಹೆಣ್ಣು ತರೋದಾ? ದಹ್ಹಾಮನ ಹೆಸರಿನ ಮದುವೆ ಹಾಲಿನಲ್ಲಿ ಅವಳನ್ನ ಕೂರಿಸೋದಾ? ನೀನೇ ಹೇಳು."

"ನಿಮಗೋಸ್ಕರ ಹೇಳಿದ ಮಾತದು!"

"ಹಾಗಾದ್ರೆ ಸುಳ್ಳಾ? ಸುಳ್ಳಾದ್ರೆ ತೆಗೆದೋರು ಯಾರು? ಮತ್ತೆ ನಮ್ಮ ದಹ್ಹಾಮನಾ?"

ಝುರೈಕಿಗಳು ಕೆಮ್ಮಿದರು. ಕಮ್ಮಾರರು ತೋಳು ಮಡಿಸಿದರು. ನಾಯಿಫ್ ಜಮಖಾನದ ಚಿತ್ತಾರ ನೋಡುತ್ತಾ ಕೂತ. ಅಜ್ಜನ ಮುಂದೆ ಅವನಿಗೆ ನಾಲಿಗೆಯೇ ಇಲ್ಲ. ಆಗ ಲುಬ್ನಾ ಪರದೆ ಸರಿಸಿ ಬಂದಳು.

"ತಿದ್ದು ಅಪ್ಪಾ! ಇಷ್ಟು ಜನರಿಗೆ ತಿದ್ದಿದೀಯ, ನನಗೋಸ್ಕರ ಒಂದೇ ಒಂದು ಸಲ ತಿದ್ದು!"

ಘಾಲಿಬರು ಖಾಲಿ ಬಟ್ಟಲುಗಳನ್ನೆಲ್ಲ ನೋಡಿದರು. "ಕುಡಿದಾಯ್ತಲ್ಲಮ್ಮಾ" ಅಂದರು.

ನಾನಾದರೂ ನಡುವೆ ಬಾಯಿ ಹಾಕಬಹುದಿತ್ತು. ಆದರೆ ನಾನೂ ಕುಡಿದಿದ್ದೆ.

ಈಗ ಊರು ಶಾಂತವಾಗಿದೆ. ದ್ರೋಹಿಯನ್ನು ಯಾವ ಸಮಾರಂಭಕ್ಕೂ ಕರೆಯತಕ್ಕದ್ದಲ್ಲ ಎಂದು ಪುರಸಭೆ ನಿರ್ಣಯಿಸಿತು. ಘಾಲಿಬರು ನಿರ್ಣಯವನ್ನು ಓದಿ, "ಹೀಗೇ ಆಗ್ಬೇಕು ಅವನಿಗೆ" ಅಂದರು. ನಾಯಿಫ್‌ಗೆ ಝುರೈಕಿಗಳ ಮನೆಯಿಂದ ಹೆಣ್ಣು ತಂದರು.

ಮೊನ್ನೆ ಬ್ರೆಡ್ಡಿನ ಅಂಗಡಿಯಲ್ಲಿ ಲುಬ್ನಾ ಸಿಕ್ಕಳು. ಅಪ್ಪನ ಹತ್ತಿರ ಮಾತು ಬಿಟ್ಟಿದ್ದಾಳಂತೆ. "ಅದೊಂದು ಕಥೆ ಅಲ್ವೇನಮ್ಮಾ? ಪಾಪ, ನಿನ್ನ ಒಳ್ಳೇದಕ್ಕೇ ಅವರು ಹಾಗೆ ಹೇಳಿದ್ದು" ಅಂದೆ.

"ಸುಮ್ನಿರಿ ಚಿಕ್ಕಪ್ಪಾ" ಅಂದಳು. "ಸರ್ವಾನ್ ಕೋಟೆಯ ಬಾಗಿಲು ತೆಗೆದವನು, ಮಗಳ ಬಾಳು ಮುರಿಯೋಕೆ ಹಿಂದೆ ಮುಂದೆ ನೋಡ್ತಾನಾ?"